ಕಲ್ಲುಚಪ್ಪಡಿಯ ಗೋಡೆ ಗಾಮಾ ಕಿರಣವನ್ನು ಎಷ್ಟು ತಡೆಯುತ್ತದೆ?

[ದೃಶ್ಯ: ಚಿಕ್ಕಬಳ್ಳಾಪುರದ ಬಳಿ, ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಗೋಡೆ]

ನಮಸ್ಕಾರ. ಸೀಸವಿಲ್ಲದೆ ವಿಕಿರಣಕ್ಕೆ ತಡೆಯೇ ಇಲ್ಲವೆಂದು ಹಲವರು ನಂಬಿದ್ದಾರೆ. ಆದರೆ ನಮ್ಮ ಕಡೆಯ ಈ ಚಪ್ಪಡಿ ಕಲ್ಲು ವಿಕಿರಣದ ಒಂದು ಬಗೆಯಾದ ಗಾಮಾ ಕಿರಣಗಳನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ತಕ್ಕಡಿ ಮತ್ತು ಅಳತೆಪಟ್ಟಿಯಿಂದಲೇ ಅಂದಾಜು ಮಾಡಬಹುದು.

[ದೃಶ್ಯ: ತಕ್ಕಡಿ, ಅಳತೆಯ ಜಾಡಿಯಲ್ಲಿ ಮುಳುಗಿದ ಕಲ್ಲಿನ ಚೂರು]

ಈ ಚೂರು 540 ಗ್ರಾಂ ತೂಗುತ್ತದೆ. ಮುಳುಗಿಸಿದಾಗ ಜಾಡಿಯ ನೀರು 200 ಮಿಲಿಲೀಟರ್ ಏರಿತು. ಅಂದರೆ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ. ಚಪ್ಪಡಿಯ ದಪ್ಪ 5 ಸೆಂ.ಮೀ. ಆದ್ದರಿಂದ ಗೋಡೆಯ ಪ್ರತಿ ಚದರ ಸೆಂಟಿಮೀಟರಿನಲ್ಲಿ ಕಿರಣಕ್ಕೆ ಅಡ್ಡಲಾಗಿ 13.5 ಗ್ರಾಂ ಕಲ್ಲಿದೆ. ವಿಕಿರಣಶೀಲ ವಸ್ತುವಾದ ಸೀಸಿಯಂ-137 ಹೊಮ್ಮಿಸುವ 662 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಇದು ಕಿರಣದ ಶಕ್ತಿಯನ್ನು ಅಳೆಯುವ ಮಾನ) ಶಕ್ತಿಯ ಗಾಮಾ ಕಿರಣಕ್ಕೆ ಕಲ್ಲು, ಇಟ್ಟಿಗೆ, ಕಾಂಕ್ರೀಟ್, ಮಣ್ಣು ಯಾವುದೇ ಎದುರಾಗಲಿ, ಚದರ ಸೆಂಟಿಮೀಟರಿಗೆ ಸುಮಾರು 9 ಗ್ರಾಂ ದಾಟುವಷ್ಟರಲ್ಲಿ ಅದರ ತೀವ್ರತೆ ಅರ್ಧವಾಗುತ್ತದೆ. ಹಾಗಾಗಿ ಚಪ್ಪಡಿಯ ಆಚೆಗೆ ಉಳಿಯುವುದು ಸುಮಾರು ಶೇ. 35. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯಾದರೆ, ಇದೇ ಲೆಕ್ಕದಲ್ಲಿ, ಉಳಿಯುವುದು ಶೇ. 4ರ ಆಸುಪಾಸು.

ಇಷ್ಟು ಬೇರೆ ಬೇರೆ ವಸ್ತುಗಳಿಗೆ ಒಂದೇ ಲೆಕ್ಕ ಹೊಂದುವುದು ನನಗೆ ಈ ವಿಷಯದ ಅತ್ಯಂತ ಸುಂದರ ಭಾಗ. ಈ ಶಕ್ತಿಯಲ್ಲಿ ಗಾಮಾ ಕಿರಣ ಮುಖ್ಯವಾಗಿ ಎಲೆಕ್ಟ್ರಾನ್‌ಗಳಿಗೆ ತಾಗಿ ಚದುರುತ್ತದೆ, ಮತ್ತು ಒಂದು ಗ್ರಾಂನಲ್ಲಿರುವ ಎಲೆಕ್ಟ್ರಾನ್‌ಗಳ ಸಂಖ್ಯೆ ಈ ವಸ್ತುಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ತೀವ್ರತೆಯನ್ನು ಅರ್ಧಕ್ಕಿಳಿಸಲು ಸೀಸವೂ ಇಲ್ಲಿ ಚದರ ಸೆಂಟಿಮೀಟರಿಗೆ ಆರು ಗ್ರಾಂಗಿಂತ ತುಸು ಹೆಚ್ಚೇ ಬೇಕು. ಅದು ನಿಜವಾಗಿ ಮೆರೆಯುವುದು ಎಕ್ಸ್‌ರೇಯಲ್ಲಿ: 60 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಅದು ಗ್ರಾಂಗೆ ಗ್ರಾಂ ಕಾಂಕ್ರೀಟಿನ ಹದಿನೈದು ಪಟ್ಟಿಗೂ ಮೀರಿ ತಡೆಯುತ್ತದೆ.

[ದೃಶ್ಯ: ಕೋಲಾರದ ಚಿನ್ನದ ಗಣಿಯ ಶಾಫ್ಟ್]

ದಪ್ಪವನ್ನು ತೂಕವಾಗಿ ಎಣಿಸುವ ಈ ಕ್ರಮ ಕೆಜಿಎಫ್‌ನಲ್ಲೂ ಬಳಕೆಯಲ್ಲಿತ್ತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ, ಅಂದರೆ ಬಂಡೆಯನ್ನೂ ಸಲೀಸಾಗಿ ದಾಟುವ ಸೂಕ್ಷ್ಮ ಕಣಗಳ, ಗುರುತು ಸಿಕ್ಕಿತು. ಮೇಲಿದ್ದ ಬಂಡೆ ಸುಮಾರು 7000 ಮೀಟರ್ ನೀರಿಗೆ ಸಮನಾಗಿದ್ದರಿಂದಲೇ ಕಾಸ್ಮಿಕ್ ಮ್ಯುವಾನ್‌ಗಳು (ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣಗಳು) ಬಹುಮಟ್ಟಿಗೆ ಅಡಗಿದ್ದವು. ಮ್ಯುವಾನ್‌ಗಳು ಹಂತಹಂತವಾಗಿ ಶಕ್ತಿ ಕಳೆದುಕೊಳ್ಳುವ ಕಣಗಳಾದ್ದರಿಂದ ಅವಕ್ಕೆ ಅರ್ಧರ್ಧದ ನಿಯಮ ಹೊಂದುವುದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ನಮ್ಮ ಅಂದಾಜು ಚದುರಿದ ಕಿರಣಗಳೆಲ್ಲ ಮಾಯವಾದವೆಂದು ಎಣಿಸುತ್ತದೆ. ವಾಸ್ತವದಲ್ಲಿ ಅವುಗಳಲ್ಲಿ ಕೆಲವು ದಿಕ್ಕು ಬದಲಿಸಿ ಗೋಡೆಯಾಚೆಗೆ ಬರುತ್ತವೆ. ಗೋಡೆ ದಪ್ಪವಾದಷ್ಟೂ ಈ ಸೇರ್ಪಡೆಯ ಪಾಲು ಹೆಚ್ಚು. ಇಟ್ಟಿಗೆ ಗೋಡೆಯ ಆಚೆ ಅಗಲವಾದ ಕಿರಣಪುಂಜವನ್ನು ಅಳೆದರೆ, ಮೀಟರು ಶೇ. 4ರ ಹಲವು ಪಟ್ಟು ತೋರಿಸಬಹುದು. ಆದ್ದರಿಂದ ರಕ್ಷಣೆಗಾಗಿ ಗೋಡೆ ಕಟ್ಟುವವರು ಈ ಸೇರ್ಪಡೆಯನ್ನು ಗುಣಿಸಿಕೊಂಡ ಮೇಲೆಯೇ ದಪ್ಪವನ್ನು ನಿಶ್ಚಯಿಸುತ್ತಾರೆ.