ಮರಿ ಲಾರಿ ಹತ್ತುವ ಮೊದಲೇ ಲಸಿಕೆ

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಒಣಗಿ ನಿಂತಿದ್ದ ಕೆರೆಗಳಲ್ಲೂ ಈಗ ಕಾಟ್ಲಾ, ರೋಹು ಬಲೆಗೆ ಬೀಳುತ್ತಿವೆ. ಆ ನೀರಿನ ಗುಣದ ಜಗಳ ಇನ್ನೊಂದು ದಿನಕ್ಕಿರಲಿ. ಇವತ್ತಿನ ನನ್ನ ತಕರಾರು ಮೀನಿಗೆ ಹಾಕುವ ಔಷಧದ್ದು.

ಮೈಮೇಲೆ ಕೆಂಪು ಹುಣ್ಣು, ಉಬ್ಬಿದ ಹೊಟ್ಟೆ ಕಂಡ ಕೂಡಲೇ ಮೇವಿಗೆ ಆಂಟಿಬಯೋಟಿಕ್ ಕಲಸಿ ಎರಚಿ ಎಂಬ ಸಲಹೆ ಬರುತ್ತದೆ. ಆದರೆ ಇಂಥ ಹುಣ್ಣು ತರುವ ಏರೋಮೊನಾಸ್ ಬ್ಯಾಕ್ಟೀರಿಯಾ ಬಲವಾಗಿ ಹಿಡಿದ ಮೀನು ಮೇವನ್ನೇ ಮುಟ್ಟುವುದಿಲ್ಲ. ಔಷಧ ತಿನ್ನುವುದು ಗಟ್ಟಿಮುಟ್ಟಾದ ಮೀನು. ಮಿಕ್ಕಿದ್ದು ಕೆರೆಯ ಕೆಸರಿಗೆ.

ಸೂಜಿ ಬೇಡದ ದಾರಿಯೊಂದಿದೆ. ಕೊಂದ ಬ್ಯಾಕ್ಟೀರಿಯಾದ ಲಸಿಕೆಯನ್ನು ಹತ್ತರಲ್ಲಿ ಒಂದು ಪಾಲಿನಷ್ಟು ನೀರಿಗೆ ಬೆರೆಸಿ, ಮರಿಗಳನ್ನು ಬಲೆ ಸಮೇತ ಅರ್ಧದಿಂದ ಒಂದು ನಿಮಿಷ ಅದ್ದುವುದು ರೂಢಿ. ಲಸಿಕೆ ಮುಖ್ಯವಾಗಿ ಕಿವಿರು ಮತ್ತು ಚರ್ಮದ ಮೂಲಕ ಒಳಸೇರುತ್ತದೆ. ಟ್ರೌಟ್ ಮೀನಿನ ಕೆಂಬಾಯಿ ರೋಗಕ್ಕೆ ಅಮೆರಿಕದಲ್ಲಿ ಇಂಥ ಲಸಿಕೆಗೆ ಪರವಾನಗಿ ಸಿಕ್ಕಿದ್ದು 1976ರಲ್ಲಿ! ಕಾಟ್ಲಾ, ರೋಹುವಿನಂಥ ನಮ್ಮ ಗೆಂಡೆ ಮರಿಗಳಿಗೆ ಈಗಲೂ ಆ ವಾಡಿಕೆ ಇಲ್ಲ.

ಇದರಲ್ಲಿ ಕೊರತೆ ಇಲ್ಲವೆಂದಲ್ಲ. ಅದ್ದಿದಾಗ ಒಳಹೋಗುವ ಲಸಿಕೆ ಅತ್ಯಲ್ಪ, ಆದ್ದರಿಂದ ರಕ್ಷಣೆಯೂ ಚುಚ್ಚುಮದ್ದಿನಷ್ಟು ದಿನ ಬಾಳುವುದಿಲ್ಲ. ತೀರಾ ಎಳೆಯ ಮರಿಯ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಏರೋಮೊನಾಸ್‌ನಲ್ಲಿ ತಳಿಗಳು ಹಲವು, ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ನಾಟದೆ ಹೋಗಬಹುದು. ಹಾಗಾಗಿ ಲಸಿಕೆ ಹೆಚ್ಚು ಒಳಸೇರಿ ನಾಟಲೆಂದು ವಿಜ್ಞಾನಿಗಳು ಮೊದಲು ಉಪ್ಪುನೀರಿನಲ್ಲಿ ಅದ್ದುವುದು, ಅಲ್ಟ್ರಾಸೌಂಡ್ ಹಾಯಿಸುವುದು, ಲಸಿಕೆ ಲೋಳೆಗೆ ಅಂಟಿಕೊಳ್ಳುವಂತೆ ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಕಣಗಳಲ್ಲಿ ಸೇರಿಸುವುದು, ದುರ್ಬಲಗೊಳಿಸಿದ ಜೀವಂತ ಬ್ಯಾಕ್ಟೀರಿಯಾ ಬಳಸುವುದು ಹೀಗೆ ಹಲವನ್ನು ಪರೀಕ್ಷಿಸಿದ್ದಾರೆ. ಉಪ್ಪು ಅಗ್ಗ, ಆದರೆ ಮರಿಯನ್ನು ದಣಿಸುತ್ತದೆ. ಅಲ್ಟ್ರಾಸೌಂಡ್ ನಮ್ಮ ಮರಿ ಕೇಂದ್ರಗಳಿಗೆ ಬರುವ ದಿನ ನನಗೆ ಕಾಣುತ್ತಿಲ್ಲ.

ಆದರೆ ಎಷ್ಟೇ ಒಳ್ಳೆಯ ಲಸಿಕೆ ಬಂದರೂ ಯಾವಾಗ ಅದ್ದುತ್ತೇವೆ ಎಂಬುದು ತಪ್ಪಿದರೆ ದುಡ್ಡು ದಂಡ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕುಲುಕಿಸಿಕೊಂಡು ಬಂದ ಮರಿಯ ಶಕ್ತಿಯೆಲ್ಲ ಆ ದಣಿವಿಗೇ ಹೋಗಿರುತ್ತದೆ, ರೋಗ ಎರಗುವುದೂ ಆಗಲೇ. ಕೆರೆ ಏರಿಯ ಮೇಲೆ ಅದ್ದಿ ಬಿಡುವುದು, ಶತ್ರು ಬಾಗಿಲಿಗೆ ಬಂದ ಮೇಲೆ ಕತ್ತಿ ಮಸೆದಂತೆ. ಮರಿ ಬೆರಳುದ್ದ ಬೆಳೆಯುವವರೆಗೆ ಕೇಂದ್ರದಲ್ಲೇ ಇಟ್ಟು, ಅದ್ದಿ, ರೋಗನಿರೋಧಕ ಶಕ್ತಿ ಬೆಳೆಯಲು ಎರಡು ಮೂರು ವಾರ ಕಾದು ಆಮೇಲೆ ಲಾರಿಗೆ ಏರಿಸಬೇಕು. ಆ ವಾರಗಳ ಮೇವಿನ ಖರ್ಚನ್ನು ಕೇಂದ್ರ ಒಂದೇ ಹೊರಲಾರದು, ಸಾವಿರ ಮರಿಗೆ ಇಷ್ಟೆಂದು ಹೆಚ್ಚು ಕೊಡಲು ಕೆರೆ ಗುತ್ತಿಗೆ ಹಿಡಿದ ಸಹಕಾರ ಸಂಘಗಳು ಒಪ್ಪಬೇಕು.

ನಂಬಿಕೆ ಬಾರದವರು ಕೃಷಿ ಹೊಂಡದಲ್ಲೇ ನೋಡಲಿ. ಅರ್ಧ ಮರಿಗಳನ್ನು ಲಸಿಕೆಯಲ್ಲಿ, ಇನ್ನರ್ಧವನ್ನು ಬರೀ ನೀರಿನಲ್ಲಿ ಅದ್ದಿ, ಎರಡಕ್ಕೂ ಬೇರೆ ಬೇರೆ ರೆಕ್ಕೆಯ ತುದಿ ಕತ್ತರಿಸಿ ಗುರುತು ಮಾಡಿ, ಒಂದೇ ಹೊಂಡಕ್ಕೆ ಬಿಡಲಿ. ಸತ್ತವನ್ನು ಎಸೆಯುವ ಮುನ್ನ ರೆಕ್ಕೆ ನೋಡಿ ಬರೆದಿಟ್ಟುಕೊಳ್ಳಲಿ.