ಮಕ್ಕಳ ಕೈಗೆ ಸಮುದ್ರ

ಎಲ್ಲರಿಗೂ ನಮಸ್ಕಾರ.

ಒಂದು ಬಂಗುಡೆಯಿಂದ ಶುರು ಮಾಡುತ್ತೇನೆ. ಕಳೆದ ವರ್ಷ ಒಂದು ಬೆಳಿಗ್ಗೆ ಮಾರ್ಕೆಟ್‌ನಲ್ಲಿ ಮೀನು ಮಾರುವ ಮಾವ್ಶಿಗೆ, "ಕತ್ತರಿಸಬೇಡಿ, ಇಡೀ ಕೊಡಿ" ಅಂದೆ. ಅದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ನಮ್ಮ ಬಾಲವಾಡಿಯ ನಾಲ್ಕು ವರ್ಷದ ಮಕ್ಕಳ ನಡುವೆ ಇಟ್ಟೆ. ಏನೂ ಹೇಳಲಿಲ್ಲ. ಸುಮ್ನೆ ಕೂತೆ.

ಒಬ್ಬ ತಲೆಯಿಂದ ಬಾಲದವರೆಗೆ ಬೆರಳು ಸವರಿದ. ನುಣ್ಣಗಿತ್ತು. ಬಾಲದಿಂದ ತಲೆಯ ಕಡೆಗೆ ಸವರಿದ. ತಡೆದಂತಾಯಿತು. ಇನ್ನೊಬ್ಬಳು ಬಾಲದ ಹತ್ತಿರದ ಪುಟ್ಟ ಪುಟ್ಟ ರೆಕ್ಕೆಗಳನ್ನು ಎಣಿಸಿದಳು: ಮೇಲೆ ಐದು, ಕೆಳಗೆ ಐದು. ಆಮೇಲೆ ಒಬ್ಬಳು ಕೇಳಿದಳು, "ಟೀಚರ್, ಇದು ಯಾಕೆ ಕಣ್ಣು ಮುಚ್ಚಿಲ್ಲ?" ನಾನು ಉತ್ತರ ಕೊಡಲಿಲ್ಲ. ಅವಳು ತನ್ನ ರೆಪ್ಪೆ ಮುಟ್ಟಿ ನೋಡಿಕೊಂಡಳು. ಮತ್ತೆ ಮೀನಿನ ಕಣ್ಣಿಗೆ ಬಗ್ಗಿದಳು. "ಇದಕ್ಕೆ ಮುಚ್ಚೋ ರೆಪ್ಪೆನೇ ಇಲ್ಲ!"

ಚಾರ್ಟಿನಲ್ಲಿರುವ ಕಿತ್ತಳೆ ಬಣ್ಣದ ನಗುವ ಮೀನು ನೋಡಿ ಯಾವ ಮಗುವೂ ಈ ಪ್ರಶ್ನೆ ಕೇಳಿಲ್ಲ. ನಾವು ಹೆಸರು ಮೊದಲು ಕಲಿಸುತ್ತೇವೆ. ಹೆಸರು ಗೊತ್ತಾದ ಕೂಡಲೇ ಮಗು ನೋಡುವುದನ್ನು ನಿಲ್ಲಿಸುತ್ತದೆ. ಮೊದಲು ಕೈ, ಆಮೇಲೆ ಕಣ್ಣು, ಕೊನೆಗೆ ಹೆಸರು. ಇಷ್ಟು ವರ್ಷದ ಕೆಲಸದಲ್ಲಿ ನಾನು ಗಟ್ಟಿಯಾಗಿ ನಂಬಿರುವುದು ಇದನ್ನು.

ಮೀನು ತಿನ್ನದ ಮನೆಯ ಮಕ್ಕಳೂ ನಮ್ಮಲ್ಲಿದ್ದಾರೆ. ಆ ಮನೆಯವರನ್ನು ಮೊದಲೇ ಕೇಳುತ್ತೇನೆ. ಬೇಡ ಅಂದರೆ ಆ ಮಗುವಿಗೆ ಉಪ್ಪುನೀರಿನ ಕೆಲಸ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಅಂದರೆ ಆರೇಳು ಟೀ ಚಮಚ. ಅಷ್ಟನ್ನು ಮಗುವೇ ಹಾಕಿ ಕಲಕಲಿ. ಸ್ವಲ್ಪ ನೀರನ್ನು ಅಗಲದ ತಟ್ಟೆಗೆ ಹಾಕಿ ಕಿಟಕಿಯಲ್ಲಿಡಿ. ಕೆಲವು ದಿನ ಬಿಟ್ಟು ನೋಡಿದರೆ ನೀರಿಲ್ಲ, ತಟ್ಟೆಯಲ್ಲಿ ಬಿಳಿ ಹರಳು. ನಮ್ಮ ಮುಂಬಯಿಯ ಭಾಂಡುಪ್, ವಡಾಲಾ ಕಡೆಯ ಉಪ್ಪಿನ ಗದ್ದೆಗಳಲ್ಲಿ ಆಗುತ್ತಿದ್ದದ್ದೂ ಇದೇ ತಾನೆ?

ಇದು ನನ್ನ ಹೊಸ ಯೋಚನೆಯೇನಲ್ಲ. ಇದೇ ಮುಂಬಯಿಯಲ್ಲಿ ಹುಟ್ಟಿದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿ ಎಂಬ ಸಮುದ್ರದಂಚಿನ ಊರಲ್ಲಿ ಪುಟ್ಟ ಮಕ್ಕಳ ಶಿಕ್ಷಣದ ಕೆಲಸ ಶುರು ಮಾಡಿದರು. ಅನುತಾಯಿ ವಾಘ್ ಜೊತೆಗಿದ್ದರು. ಮಾಂಟೆಸರಿ ಪದ್ಧತಿಯ ದುಬಾರಿ ಕಲಿಕೆ ಸಾಮಾನಿನ ಬದಲು ಸುತ್ತಮುತ್ತ ಸಿಗುವ ವಸ್ತುಗಳನ್ನೇ ಮಕ್ಕಳ ಕೈಗೆ ಕೊಟ್ಟರು. ಇವತ್ತು ಸಾವಿರಾರು ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಸಮುದ್ರಪ್ರಾಣಿಗಳ ಸೆಟ್ ತರುವವರನ್ನು ನೋಡಿದಾಗ ನನಗೆ ತಾರಾಬಾಯಿಯವರ ನೆನಪಾಗುತ್ತದೆ. ಸಮುದ್ರ ಇಲ್ಲೇ ಇದೆ, ಅಲ್ವಾ?

ಆದರೆ ಕೈಗೆ ಕೊಡುವುದರಲ್ಲಿ ತಪ್ಪೂ ಆಗುತ್ತದೆ. ನನ್ನಿಂದಲೇ ಆಗಿದೆ. ಬಹಳ ಹಿಂದೆ ಜುಹೂ ಕಡಲತೀರಕ್ಕೆ ಹೋದಾಗ ಮಕ್ಕಳು ಆರಿಸಿದ ಶಂಖಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದೆ. ಮರುದಿನ ತರಗತಿಯೆಲ್ಲ ವಾಸನೆ. ಅವುಗಳೊಳಗೆ ಸನ್ಯಾಸಿ ಏಡಿಗಳಿದ್ದವು. ಎಲ್ಲ ಸತ್ತಿದ್ದವು. ಒಬ್ಬ ಹುಡುಗ ಮೆಲ್ಲಗೆ ಕೇಳಿದ, "ನಾವು ಅದರ ಮನೆ ತಂದ್ವಾ ಟೀಚರ್?" ಆ ಮುಖ ಇನ್ನೂ ಮರೆತಿಲ್ಲ.

ಅಂದಿನಿಂದ ಶಂಖ ಕಂಡರೆ ಮರಳ ಮೇಲೆ ಇಟ್ಟು ಎಲ್ಲರೂ ಸದ್ದಿಲ್ಲದೆ ಇಪ್ಪತ್ತರವರೆಗೆ ಎಣಿಸುತ್ತೇವೆ. ಕಾಲು ಹೊರಗೆ ಬಂದರೆ ಮನೆಯಲ್ಲಿ ಯಾರೋ ಇದ್ದಾರೆ. ಬರದಿದ್ದರೂ ಅಲ್ಲೇ ಬಿಡುತ್ತೇವೆ. ಯಾಕೆಂದರೆ ಈ ಏಡಿ ತನ್ನ ಚಿಪ್ಪನ್ನು ತಾನೇ ಮಾಡಿಕೊಳ್ಳುವುದಿಲ್ಲ. ಬೆಳೆದ ಹಾಗೆ ದೊಡ್ಡ ಖಾಲಿ ಚಿಪ್ಪು ಹುಡುಕಬೇಕು. ನಾವು ತಂದಿಟ್ಟುಕೊಂಡರೆ ಅದು ಎಲ್ಲಿಗೆ ಹೋಗಬೇಕು? ಮೂರು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ, ನಂಬಿ.

ನೀರು ಇಳಿದ ಮೇಲೆ ಒದ್ದೆ ಮರಳ ಮೇಲೆ ಸಾವಿರಾರು ಪುಟ್ಟ ಉಂಡೆಗಳನ್ನು ನೋಡಿದ್ದೀರಾ? ಉಗುರಿಗಿಂತ ಚಿಕ್ಕ ಏಡಿಗಳ ಕೆಲಸ ಅದು. ಮರಳಿನಲ್ಲಿರುವ ಆಹಾರ ತಿಂದು, ಉಳಿದದ್ದನ್ನು ಉಂಡೆ ಕಟ್ಟಿ ಬಿಡುತ್ತವೆ. ನಮ್ಮ ಮಕ್ಕಳು ಅದಕ್ಕೆ "ಏಡಿ ರಂಗೋಲಿ" ಅನ್ನುತ್ತಾರೆ. ಮತ್ತೆ ನೀರು ಬಂದರೆ ಎಲ್ಲ ಅಳಿಸಿ ಹೋಗುತ್ತದೆ. ಒಂದೇ ಜಾಗಕ್ಕೆ ತಿಂಗಳು ತಿಂಗಳೂ ಹೋಗಿ. ಹತ್ತು ಜಾಗ ಒಂದೊಂದು ಸಲ ನೋಡುವುದಕ್ಕಿಂತ ಅದು ಒಳ್ಳೆಯದು.

ಭರತ-ಇಳಿತದ ವೇಳೆ ನೋಡದೆ ಮಾತ್ರ ಹೊರಡಬೇಡಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ, ಅಷ್ಟೇ ಮೇಲೆ ಬರುತ್ತದೆ ಕೂಡ. ಉಡುಪಿ, ಕಾರವಾರದ ಕಡೆಯ ಅಜ್ಜಿಯರು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ನೀರು ಪೂರ್ತಿ ಇಳಿಯುವ ಒಂದು ಗಂಟೆ ಮೊದಲು ತಲುಪಿ, ತಿರುಗಿ ಏರಲು ಶುರುವಾದ ಕೂಡಲೇ ಹೊರಟುಬಿಡಿ. ಹಾಜಿ ಅಲಿ, ಕಾರ್ಟರ್ ರೋಡಿನ ಬಂಡೆಗಳಲ್ಲಿ ನೋಡಲು ಬಹಳ ಇದೆ, ಆದರೆ ಪಾಚಿಯಿಂದ ಕಾಲು ಜಾರುತ್ತದೆ. ಇಷ್ಟು ಚಿಕ್ಕವರಿಗೆ ಮರಳೇ ಸಾಕು. ಮಳೆಗಾಲದಲ್ಲಿ ಜುಹೂ ದಡಕ್ಕೆ ನೀಲಿ ಬಲೂನಿನಂಥ ಬ್ಲೂ ಬಾಟಲ್ ಎಂಬ ಸಮುದ್ರಜೀವಿಗಳು ಬಂದು ಬೀಳುತ್ತವೆ. ನೋಡಲು ಚೆಂದ, ಆದರೆ ಸತ್ತ ಮೇಲೂ ಕುಟುಕುತ್ತವೆ. ಆಗ ನಾವು ಮಕ್ಕಳನ್ನು ಒಯ್ಯುವುದಿಲ್ಲ.

ಮಳೆ ನಿಂತ ಮೇಲೆ, ಬೆಳಗಿನ ಹೊತ್ತು ನೀರು ಚೆನ್ನಾಗಿ ಇಳಿಯುವ ಒಂದು ಶನಿವಾರ ನೋಡಿ ಹೋಗೋಣ. ಐದು ಮಕ್ಕಳಿಗೆ ಇಬ್ಬರು ದೊಡ್ಡವರು ಬೇಕು. ಅಜ್ಜಿಯರೇ, ದಯವಿಟ್ಟು ನೀವೂ ಬನ್ನಿ. ಮರುವಾಯಿ ಎಂಬ ಚಿಪ್ಪುಮೀನು ಮರಳಲ್ಲಿ ಎಲ್ಲಿ ಅಡಗಿರುತ್ತದೆ ಅಂತ ಮಕ್ಕಳಿಗೆ ತೋರಿಸುವವರು ಬೇಕು.