ಸೂಟ್‌ಕೇಸಿನೊಳಗಿನ ಸರ್ಕಸ್ಸು

ಕೇಳುಗರಿಗೆ ನಮಸ್ಕಾರ.

ಸವೆದ ಹವಾಯಿ ಚಪ್ಪಲಿಯನ್ನು ಗುಂಡಗೆ ಕತ್ತರಿಸಿ ಚಕ್ರ ಮಾಡಿ, ತಂತಿ ಬಗ್ಗಿಸಿ ಗಾಡಿ ಕಟ್ಟಿದವರು ನಿಮ್ಮಲ್ಲಿಯೂ ಇರಬಹುದು. ನಾನು ಕಟ್ಟಿದ ಗಾಡಿ ಯಾವಾಗಲೂ ಎಡಕ್ಕೇ ಎಳೆಯುತ್ತಿತ್ತು. ಮೀಸೆ ಮೂಡಿದ ಮೇಲೆ ಆ ಆಟ ಬಿಟ್ಟೆ. ಅಲೆಕ್ಸಾಂಡರ್ ಕಾಲ್ಡರ್ ಬಿಡಲಿಲ್ಲ.

ಅಮೆರಿಕದ ಈ ಶಿಲ್ಪಿಯ ತಂದೆ, ತಾತ ಇಬ್ಬರೂ ಶಿಲ್ಪಿಗಳು. ಇವರು ಮಾತ್ರ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1926ರಲ್ಲಿ ಪ್ಯಾರಿಸ್ಸಿಗೆ ಹೋದವರು ತಂತಿ, ಬಟ್ಟೆಯ ಚೂರು, ಬಾಟಲಿಯ ಬಿರಡೆಗಳಿಂದ ಒಂದು ಪುಟ್ಟ ಸರ್ಕಸ್ ಕಟ್ಟತೊಡಗಿದರು. ಅದು ಬೆಳೆದು ಬೆಳೆದು ಐದು ಸೂಟ್‌ಕೇಸ್ ತುಂಬಿತು. ಅದನ್ನು ಆಡಿಸುವುದನ್ನು 1961ರ ಚಲನಚಿತ್ರವೊಂದರಲ್ಲಿ ನೋಡಬಹುದು. ಅರವತ್ತು ದಾಟಿದ ಭಾರೀ ಆಳು ನೆಲದ ಮೇಲೆ ಕುಳಿತು ಸಿಂಹದ ಪರವಾಗಿ ತಾವೇ ಗರ್ಜಿಸುತ್ತಾರೆ! ಹೆಂಡತಿ ಲೂಯಿಸಾ ಗ್ರಾಮೊಫೋನ್ ನೋಡಿಕೊಳ್ಳುತ್ತಾರೆ. ಟ್ರಪೀಜಿನ ಬೊಂಬೆ ಹಾರಿ ಎದುರಿನವನ ಕೈ ಸೇರುತ್ತದೋ, ಕೆಳಗೆ ಬೀಳುತ್ತದೋ, ಮಾಡಿದವರಿಗೂ ಗೊತ್ತಿಲ್ಲ. ಗಾಯಾಳುವನ್ನು ಹೊತ್ತೊಯ್ಯಲು ಸ್ಟ್ರೆಚರಿನವರೂ ಇದ್ದಾರೆ. ನನಗೆ ಅತಿ ಇಷ್ಟವಾದದ್ದು ಈ ಸ್ಟ್ರೆಚರು. ತಪ್ಪಿಗೂ ಆಟದೊಳಗೇ ಜಾಗ ಮಾಡಿಟ್ಟಿದ್ದಾರಲ್ಲ!

1930ರಲ್ಲಿ ಕಾಲ್ಡರ್ ಚಿತ್ರಕಾರ ಮೊಂಡ್ರಿಯಾನ್ ಅವರ ಕೋಣೆಗೆ ಹೋದರು. ಗೋಡೆಯ ಮೇಲೆ ಬಣ್ಣದ ಆಯತಗಳು ಸಾಲಾಗಿದ್ದವು. ಇವು ಅಲುಗಾಡಿದರೆ ಹೇಗೆ ಎಂದು ಕೇಳಿದರು. ಬೇಕಿಲ್ಲ, ನನ್ನ ಚಿತ್ರಕ್ಕೆ ಈಗಾಗಲೇ ಸಾಕಷ್ಟು ವೇಗವಿದೆ ಎಂದರಂತೆ ಆತಿಥೇಯರು. ಮರುವರ್ಷ ಕಾಲ್ಡರ್ ತಾವೇ ಅಲುಗಾಡುವ ಶಿಲ್ಪಗಳನ್ನು ಮಾಡಿದರು. ಅವುಗಳಿಗೆ ‘ಮೊಬೈಲ್’ ಎಂದು ಹೆಸರಿಟ್ಟದ್ದು ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂ. ನಿಮ್ಮ ಜೇಬಿನಲ್ಲಿರುವ ಮೊಬೈಲ್ ಅಲ್ಲ, ಬಿಡಿ.

ಆರಂಭದಲ್ಲಿ ಕೆಲವಕ್ಕೆ ಮೋಟಾರು ಕಟ್ಟಿದ್ದರು. ಮೋಟಾರಿನದು ಗಾಣದೆತ್ತಿನ ಬಾಳು, ಸುತ್ತಿದ್ದನ್ನೇ ಸುತ್ತುತ್ತದೆ. ಬೇಗನೆ ಅದನ್ನು ಕಳಚಿ ಕೆಲಸವನ್ನು ಗಾಳಿಗೆ ಒಪ್ಪಿಸಿದರು. ಹಾಗೆಂದು ಮನಸ್ಸಿಗೆ ಬಂದಂತೆ ತೂಗುಹಾಕಲು ಬರುವುದಿಲ್ಲ. ತಂತಿಯ ಒಂದು ತುದಿಗೆ ತಗಡಿನ ಎಲೆ, ಇನ್ನೊಂದು ತುದಿಗೆ ಮತ್ತೊಂದು. ತಕ್ಕಡಿಯಂತೆ ಸಮತೂಗುವ ಬಿಂದುವನ್ನು ಬೆರಳಿನ ಮೇಲೆ ಹುಡುಕಿ, ಅಲ್ಲಿ ಇಕ್ಕಳದಿಂದ ಕುಣಿಕೆ ಮಾಡಿ, ಅದನ್ನು ಮೇಲಿನ ತಂತಿಗೆ ಸಿಕ್ಕಿಸಬೇಕು. ಕೆಳಗಿನಿಂದ ಮೇಲಕ್ಕೆ ಹೀಗೇ ಕಟ್ಟುತ್ತಾ ಹೋಗಬೇಕು. ನಡುವೆ ಒಂದು ಎಲೆಯ ತೂಕ ಬದಲಾದರೂ ಇಡೀ ಸಂಸಾರ ವಾಲುತ್ತದೆ. ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ಬೊಂಬೆ ನಡೆಸಿ ಪಳಗಿದ ಕೈ ಅಲ್ಲವೇ, ಅವರಿಗೆ ಇದು ಹೊಸದೇನಾಗಿರಲಿಲ್ಲ.

ಆ ಸರ್ಕಸ್ ಈಗ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದ ಸ್ವತ್ತು. ತುಂಬಾ ಜೋಪಾನ ಮಾಡಬೇಕಾದ ವಸ್ತು, ಯಾರೂ ಮುಟ್ಟುವಂತಿಲ್ಲ. ಸಿಂಹಕ್ಕೆ ದನಿ ಕೊಡುವವರಿಲ್ಲ.

ನಮಸ್ಕಾರ.